ಗುಡ್ಡ ಏರುವ ಗಾಡಿ

ಜನವರಿ ೭, ೧೯೮೧

ಈ ಡೈರಿ ಖಣಿಯ ಮಾಲೀಕ ಇನಾಮದಾರ ಕೊಟ್ಟದ್ದು. ಹೊಸ ವರ್ಷಕ್ಕೆಂದು ಖಣಿಯ ಗುಮಾಸ್ತರಿಗೆಲ್ಲ ಒಂದೊಂದು ಹಂಚಿದ್ದಾನೆ. ಮೊದಲ ಪುಟದಲ್ಲಿ ಅವನಪ್ಪನ ಫೋಟೊ, ಎರಡನೆಯದರಲ್ಲಿ ಅವನದೇ, ಮೂರನೆಯದರಲ್ಲಿ ಕಲ್ಲನ್ನು ಜಲ್ಲಿ ಮಾಡುವ ಅವರ ಖಡಿ ಮಷೀನಿನದು. ಕಲ್ಲು ಒಡೆಯುವವರ ಮುಖ ಎಲ್ಲೂ ಇಲ್ಲ. ಮೂರೂ ಪುಟ ಹರಿದು ಒಲೆಗೆ ಹಾಕಿದೆ. ಉಳಿದ ಪುಟಗಳಲ್ಲಿ, ಅವನ ಕಾಗದದ ಮೇಲೆಯೇ ಅವನ ವಿರುದ್ಧ ಬರೆಯುತ್ತೇನೆ. ಬರೆಯುತ್ತಿರುವವನು ಧನಕವಡಿಯಾಚೆಯ ಕಲ್ಲುಖಣಿಯ ಹಾಜರಿ ಗುಮಾಸ್ತ, ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿ, ಯೆರವಡಾ ಜೈಲು ಕಂಡ ನಿಜಲಿಂಗಪ್ಪ. ಇತಿಹಾಸ ಕೇಳಿದರೆ ಹೆಸರು ಗೊತ್ತಿರಲಿ.

ಇಂದು ಕೆಟ್ಟ ಸುದ್ದಿ. ನಮ್ಮ ಕ್ವಾಣದ ಕಥೆ ಮುಗಿಯಿತು. ಕ್ವಾಣ ಎಂದರೆ ಖಣಿಯ ಗಾಡಿ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ, ದಪ್ಪ ತಗಡು, ಕಪ್ಪು ಮೈ. ಕಲ್ಲಿರಲಿ, ಕೊರಕಲಿರಲಿ, ಕೆಸರಿರಲಿ, ತಲೆ ತಗ್ಗಿಸಿ ಗುಡ್ಡ ಏರುತ್ತದೆ. ಅದಕ್ಕೇ ಜನ ಆ ಹೆಸರಿಟ್ಟರು. ಅದನ್ನು ತಯಾರಿಸುವ ಕಾರ್ಖಾನೆ ಆ ಮಾದರಿಯನ್ನೇ ನಿಲ್ಲಿಸಿದೆಯಂತೆ. ಇನ್ನು ಬಿಡಿಭಾಗ ಹುಟ್ಟುವುದಿಲ್ಲ. ಡ್ರೈವರ್ ಶಂಕ್ರೆಪ್ಪ ದೌಂಡದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದ.

"ಸಾಮಾನ ಇಲ್ರಿ. ಇನ್ನ ಸ್ವಲ್ಪ ದಿನ ನೂಕಬಹುದು. ಆಮ್ಯಾಲ ನಾವ ಇದನ್ನ ಹೊತ್ಕೊಂಡ ತಿರಗಬೇಕು."

ಇದು ಬರೀ ಗಾಡಿಯ ಮಾತಲ್ಲ. ಹೋದ ವರ್ಷ ಗುಡ್ಡದ ನೆತ್ತಿಯಲ್ಲಿ ಮದ್ದಿಟ್ಟು ಬಂಡೆ ಹಾರಿಸಿದಾಗ ಕಲ್ಲು ಬಡಿದು ಅವ್ವಣ್ಣ ಬಿದ್ದ. ಕ್ವಾಣ ಆ ಹೊತ್ತಿನಲ್ಲಿ ಇನಾಮದಾರನ ಹೆಂಡತಿಯನ್ನು ಪೇಟೆಗೆ ಒಯ್ದಿತ್ತು. ಅವ್ವಣ್ಣ ಅಲ್ಲೇ ರಕ್ತ ಸುರಿಸಿ ಸತ್ತ. ಅವನ ಹೆಂಡತಿ ಹುಲಿಗೆವ್ವ ಹೆಣ ಎತ್ತಗೊಡಲಿಲ್ಲ. ನಾವು ಇನಾಮದಾರನಿಗೆ ಘೇರಾವ್ ಹಾಕಿದೆವು, ನನ್ನನ್ನು ಜೈಲಿಗೆ ಹಾಕಿದರು, ಕಡೆಗೆ ಒಂದು ನಿಯಮ ಗೆದ್ದೆವು. ಗಾಡಿ ನೆತ್ತಿಯ ಮೇಲೆ ಬಂದು ನಿಂತ ಮೇಲೆಯೇ ಬತ್ತಿಗೆ ಬೆಂಕಿ. ಮದ್ದು ತುಂಬುವ ಹುಸೇನಪ್ಪ ಕೂಗುತ್ತಾನೆ: "ಗಾಡಿ ನಿಂತದೇನು?" ಜನ ಗಾಡಿಯನ್ನು ಕಣ್ಣಾರೆ ನೋಡಿ ಕೂಗುತ್ತಾರೆ: "ನಿಂತದ!" ಆಮೇಲೆ ಬೆಂಕಿ. ಈ ಎರಡು ಕೂಗಿಗೆ ನಾವು ಒಂದು ಹೆಣ ಕೊಟ್ಟಿದ್ದೇವೆ.

ಹೊಸ ಗಾಡಿ ಆರಿಸಲು ಕಮಿಟಿ ಆಗಿದೆ. ಇನಾಮದಾರ, ಅವನ ಭಾವಮೈದುನ, ಕಾರ್ಮಿಕರ ಪರವಾಗಿ ನಾನು. ಜನ ಕೈಯೆತ್ತಿ ಆರಿಸಿದರು. ಹುಲಿಗೆವ್ವ ಹೇಳಿದ್ದು ಇಷ್ಟೇ: "ನಿಜಲಿಂಗಣ್ಣ, ಬಣ್ಣ ನೋಡಬ್ಯಾಡ್ರಿ, ಹೆಸರ ನೋಡಬ್ಯಾಡ್ರಿ. ಗುಡ್ಡ ಏರೂದು ತರ್ರಿ."

ತರುತ್ತೇನೆ ತಾಯಿ. ಇನಾಮದಾರನ ಎದೆಯ ಮೇಲಿಂದ ಓಡಿಸಿಕೊಂಡು ತರುತ್ತೇನೆ.

ಜನವರಿ ೧೯

ಮೊದಲ ಸಭೆ. ಇನಾಮದಾರನ ಆಫೀಸಿನಲ್ಲಿ ಮೆತ್ತನೆಯ ಕುರ್ಚಿ. "ಬಸಾ, ಬಸಾ," ಎಂದು ಮರಾಠಿಯಲ್ಲಿ ಉಪಚರಿಸಿದ. ನಾನು ಕೂರಲಿಲ್ಲ. ಶೋಷಕನ ಕುರ್ಚಿಯಲ್ಲಿ ಮೊದಲು ಬೆನ್ನು ಬಾಗುತ್ತದೆ, ಆಮೇಲೆ ಬಾಯಿ. ಚಹಾ ಬಂತು. ಮುಟ್ಟಲಿಲ್ಲ. ಸಭೆ ಮುಗಿಯುವ ತನಕ ಕಂಬದ ಹಾಗೆ ನಿಂತಿದ್ದೆ.

ಆಯ್ಕೆ ಮೂರು. ಕ್ಯಾನ್ವಾಸ್ ಹೊದಿಕೆಯ ಜೀಪು, ಟೆಂಪೊ ವ್ಯಾನು, ಬಿಳಿ ಕಾರು. ಜೀಪು ಕ್ವಾಣದಷ್ಟು ಗಟ್ಟಿಯಲ್ಲ, ಆದರೆ ಅದೇ ಜಾತಿ. ವ್ಯಾನಿನ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಇನಾಮದಾರನೇ ಬಿಟ್ಟುಬಿಟ್ಟ. ಕಾರಿನ ಮಾತು ಬಂದಾಗ ಮಾತ್ರ ಅವನ ಕಣ್ಣು ಹೊಳೆಯಿತು. ಮುಂಬಯಿಗೆ ಹೋಗಲು, ಮದುವೆಗಳಿಗೆ ಹೋಗಲು ಅವನಿಗೆ ಕಾರು ಬೇಕು. ಅದನ್ನು ಖಣಿಯ ಖರ್ಚಿನಲ್ಲಿ ಕೊಳ್ಳಬೇಕು.

"ಗುಡ್ಡಕ್ಕೆ ಕಾರು ತರುವುದೂ ಒಂದೇ, ಎಮ್ಮೆಗೆ ಜರಿಸೀರೆ ಉಡಿಸುವುದೂ ಒಂದೇ," ಎಂದೆ. ಭಾವಮೈದುನ ನಕ್ಕ. ಇನಾಮದಾರ ನಗಲಿಲ್ಲ. ಸಂಜೆ ಖಣಿಯಲ್ಲಿ ಇದನ್ನು ಹೇಳಿದಾಗ ಬಿದ್ದ ಚಪ್ಪಾಳೆಗೆ ಕಾಗೆಗಳು ಹಾರಿಹೋದವು.

ಮೊಣಕಾಲು ಹಿಡಿದುಕೊಂಡಿವೆ. ಸಾವಂತ್ರವ್ವ ಎಣ್ಣೆ ತಿಕ್ಕುತ್ತ, "ಕುಂತ್ರ ಏನಾಗ್ತಿತ್ರಿ? ಕುರ್ಚಿಗೇನ್ ಹಲ್ಲ ಅದಾವೇನು?" ಎಂದಳು. ಕಟ್ಟಿಕೊಂಡವಳಿಗೆ ಸಿದ್ಧಾಂತ ತಿಳಿಸುವುದು ಮಾಲೀಕನಿಗೆ ತಿಳಿಸುವುದಕ್ಕಿಂತ ಕಷ್ಟ.

ಫೆಬ್ರವರಿ ೩

ಜೀಪಿನ ಪರೀಕ್ಷೆ. ಗಾಡಿ ಏರಿದರಷ್ಟೇ ಸಾಲದು, ಗಾಯಗೊಂಡವನನ್ನು ಮಲಗಿಸಿಕೊಂಡು ಇಳಿಯಬೇಕು. ಯಾರು ಮಲಗುತ್ತೀರಿ ಎಂದರೆ ಗಂಡಸರೆಲ್ಲ ಅಪಶಕುನವೆಂದು ಹಿಂದೆ ಸರಿದರು. ಹುಲಿಗೆವ್ವ ಸೆರಗು ಬಿಗಿದು ಬಂದು ಹಿಂದಿನ ತಗಡಿನ ಮೇಲೆ ಅಂಗಾತ ಮಲಗಿದಳು.

"ನಾ ಸತ್ತಂಗ ಬಿದ್ದಿರ್ತೀನಿ. ಶಂಕ್ರೆಪ್ಪಣ್ಣ, ಹಂಗ ಸುಡಗಾಡಿಗೆ ಒಯ್ದೀ ಮತ್ತ!"

"ಸುಡಗಾಡಿಗೆ ಡಾಂಬರ ರೋಡ ಅದವ್ವಾ. ಅಲ್ಲಿಗೆ ಜೀಪ್ ಯಾಕ ಬೇಕು?"

ಜೀಪು ಒಂದೇ ಉಸಿರಿಗೆ ಏರಿತು. ಎರಡನೇ ತಿರುವಿನ ಕೊರಕಲಿನಲ್ಲಿ ಒಮ್ಮೆ ಗೊಣಗಿತು, ನಿಲ್ಲಲಿಲ್ಲ. ನೆತ್ತಿಯ ಮೇಲೆ ಹುಸೇನಪ್ಪ ಸುಮ್ಮನೆ ತಮಾಷೆಗೆ "ಗಾಡಿ ನಿಂತದೇನು?" ಎಂದು ಕೂಗಿದ. "ನಿಂತದ!" ಎಂಬ ಕೂಗು ಆಚೆ ಗುಡ್ಡದಿಂದ ತಿರುಗಿ ಬಂತು. ಕೆಳಗಿಳಿದ ಮೇಲೆ ಹುಲಿಗೆವ್ವ ಎದ್ದು ಧೂಳು ಕೊಡವಿಕೊಂಡಳು. "ಬೆನ್ನ ಮುರೀತು, ಖರೆ ಜೀವ ಉಳೀತದ. ಇದನ್ನ ತರ್ರಿ."

ಮುಗಿಯಿತು. ಜೀಪೇ. ನಾನು ಮುಂದಿನ ಸೀಟಿನಲ್ಲಿದ್ದೆ. ಅದು ಸೀಟಲ್ಲ, ಹಲಗೆ. ಸೊಂಟ ಜಖಂ ಆಗಿದೆ. ಇರಲಿ. ಹೋರಾಟದಲ್ಲಿ ಸೊಂಟದ ಮಾತೇಕೆ?

ಫೆಬ್ರವರಿ ೧೨

ಎರಡನೇ ಸಭೆ. ಇಂದು ಕೂತೆ. ನಿಂತು ಮಾತಾಡುವವನು ಅರ್ಜಿ ಹಿಡಿದು ಬಂದವನ ಹಾಗೆ ಕಾಣುತ್ತಾನೆ. ಕೂತವನೇ ಸಮಾನ. ಇದು ಮೊದಲೇ ಹೊಳೆಯಬೇಕಿತ್ತು. ಚಹಾವನ್ನೂ ಕುಡಿದೆ. ಅದು ಕಾರ್ಮಿಕರ ಬೆವರಿನ ಚಹಾ. ಕಾರ್ಮಿಕರ ಪ್ರತಿನಿಧಿ ಕುಡಿಯದಿದ್ದರೆ ಇನ್ಯಾರು ಕುಡಿಯಬೇಕು?

ಜೀಪನ್ನು ಮಂಡಿಸಿದೆ. ಇನಾಮದಾರ ಸಮಾಧಾನದಿಂದ ಕೇಳಿ, "ಆದರೆ ಜೀಪೆಂದರೆ ಪೊಲೀಸ್ ಗಾಡಿಯಲ್ಲವೇ? ನಿಮ್ಮ ಬಡ ಜನ ಅದನ್ನು ಕಂಡರೆ ನಡುಗುತ್ತಾರೆ. ದಿನಾ ಅದು ತಲೆಯ ಮೇಲೆ ನಿಂತರೆ ಅವರ ಮನಸ್ಸಿಗೆ ಏನಾದೀತು?" ಎಂದ. ಕಪಟಿ. ಆದರೂ ಮಾತಿನಲ್ಲಿ ಹುರುಳಿಲ್ಲದಿಲ್ಲ. ಜೀಪಿನಲ್ಲಿ ಕೂತು ಯೆರವಡಾಕ್ಕೆ ಹೋದವನು ನಾನು, ನನಗೆ ಗೊತ್ತು.

ಕಾರನ್ನೂ ನೋಡದೆ ನಿರ್ಣಯ ಮಾಡುವುದು ನ್ಯಾಯವಲ್ಲ ಎಂದರು. ಮುಂದಿನ ವಾರದ ರವಿವಾರ ಲೋಣಾವಳಾಕ್ಕೆ ಅಧ್ಯಯನ ಪ್ರವಾಸ. ಒಪ್ಪಿದೆ, ಅದರ ವಿರುದ್ಧ ಸಾಕ್ಷಿ ಸಂಗ್ರಹಿಸಲು ಮಾತ್ರ.

ಫೆಬ್ರವರಿ ೨೨

ಲೋಣಾವಳಾ. ಮನೆಯವರನ್ನೂ ಕರೆತರಬೇಕೆಂದು ಇನಾಮದಾರರು ಒತ್ತಾಯಿಸಿದ್ದರು. ಸಾವಂತ್ರವ್ವ ಇಳಕಲ್ ಸೀರೆ ಉಟ್ಟಿದ್ದಳು. ನಾವಿರುವ ವಠಾರದವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಸಂಗ್ರಹಿಸಿದ ಸಾಕ್ಷಿ: ಗಾಡಿ ಕುಲುಕುವುದಿಲ್ಲ. ಸೀಟು ತಾನಾಗಿಯೇ ಸೊಂಟವನ್ನು ಹಿಡಿದುಕೊಳ್ಳುತ್ತದೆ. ಗಾಜು ಏರಿಸಿದರೆ ಲಾರಿಗಳ ಸದ್ದೂ ಕೇಳದು, ಧೂಳೂ ಬಾರದು. ಖಂಡಾಳಾ ಘಾಟನ್ನು ಇಳಿದು ಮತ್ತೆ ಏರಿಸಿದೆವು. ಏರಿತು. ಗಾಯಗೊಂಡ ಕಾರ್ಮಿಕನಿಗೆ ಹಲಗೆ ಬೇಕೋ ಮೆತ್ತನೆಯ ಸೀಟು ಬೇಕೋ ಎಂಬ ಪ್ರಶ್ನೆಯನ್ನು ನಾವು ಈವರೆಗೆ ಎತ್ತಿಯೇ ಇಲ್ಲ. ಬಡವನಿಗೆ ತಗಡೇ ಸಾಕೆಂಬುದೂ ಒಂದು ಬಗೆಯ ಶೋಷಣೆ.

ಬರುವಾಗ ಚಿಕ್ಕಿ ತಿನ್ನುತ್ತ ಸಾವಂತ್ರವ್ವ, "ಇಲ್ಲೇನೋ ಡಾಂಬರ ಅದ. ನಿಮ್ಮ ಗುಡ್ಡಾ ಏರ್ತದೇನ್ರಿ ಇದು?" ಎಂದು ಎಲ್ಲರೆದುರಿಗೆ ಕೇಳಿಬಿಟ್ಟಳು. ಇನಾಮದಾರರು ನಕ್ಕರು. ನನಗೆ ಮುಖ ತೋರಿಸಲಾಗಲಿಲ್ಲ. ಇದು ಧೋರಣೆಯ ಪ್ರಶ್ನೆ, ನಿನಗೆ ತಿಳಿಯದು ಎಂದೆ. "ಧೋರಣಿ ತಿಳಿಯಂಗಿಲ್ಲ ಬಿಡ್ರಿ. ಗುಡ್ಡಾ ಕಣ್ಣಿಗೆ ಕಾಣತದಲ್ಲ, ಅದಕ್ಕ ಕೇಳ್ದೆ," ಎಂದು ಉಳಿದ ಚಿಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಮಾರ್ಚ್ ೫

ಕ್ವಾಣ ಅರ್ಧ ಗುಡ್ಡದಲ್ಲಿ ಕೈಕೊಟ್ಟಿದೆ. ಗಾಡಿ ಇಲ್ಲದೆ ಹುಸೇನಪ್ಪ ಬತ್ತಿ ಮುಟ್ಟುವುದಿಲ್ಲ. ಬಂಡೆ ಹಾರದಿದ್ದರೆ ಹೆಂಗಸರಿಗೆ ಒಡೆಯಲು ಕಲ್ಲಿಲ್ಲ, ಕಲ್ಲಿಲ್ಲದೆ ಕೂಲಿಯಿಲ್ಲ. ಹಾಜರಿ ಕೋಣೆಯ ಮುಂದೆ ಜನ.

"ಜೀಪ್ ಯಾವಾಗ ಬರ್ತದಣ್ಣಾ?" ಹುಲಿಗೆವ್ವನ ಪ್ರಶ್ನೆ.

ಪ್ರಕ್ರಿಯೆ ನಡೆದಿದೆ ಎಂದೆ.

"ಅದೇನ್ ಪ್ರಕ್ರಿಯೆರೀ, ಬಸುರ್ತನಕ್ಕಿಂತ ಉದ್ದ ಆತಲ್ಲ!"

ಎಲ್ಲರೂ ನಕ್ಕರು. ಜನರಿಗೆ ತಾಳ್ಮೆಯಿಲ್ಲ. ಬರೀ ಗಾಡಿ, ಗಾಡಿ, ಗಾಡಿ. ದೀರ್ಘ ದೃಷ್ಟಿಯಿಂದ ಯೋಚಿಸುವವನ ಕಷ್ಟ ಅವರಿಗೆ ಹೇಗೆ ತಿಳಿಯಬೇಕು?

ಇನಾಮದಾರ ಸಾಹೇಬರ ಬಂಗಲೆಗೆ ಫೋನ್ ಮಾಡಬೇಕಿತ್ತು. ನಂಬರ್ ಡೈರಿಯ ಎರಡನೇ ಪುಟದಲ್ಲಿತ್ತಂತೆ. ದುಡುಕಿ ಹರಿಯಬಾರದಿತ್ತು.

ಮಾರ್ಚ್ ೧೧

ಕಾರಿನ ಪರೀಕ್ಷೆ, ಖಣಿಯ ಗುಡ್ಡದಲ್ಲೇ. ನಾನೇ ಹಟ ಹಿಡಿದೆ. ನನ್ನನ್ನು ಯಾರೂ ಮಾಲೀಕರ ಬಾಲ ಎನ್ನಬಾರದು.

ಮೊದಲ ತಿರುವನ್ನು ಸಲೀಸಾಗಿ ಏರಿತು. ಎರಡನೆಯದರಲ್ಲಿ ಹೊಟ್ಟೆಗೆ ಕಲ್ಲು ತಾಗಿ ನಿಂತಿತು. ಹಿಂದಿನ ಚಕ್ರ ಗರಗರ ತಿರುಗಿ ಧೂಳೆಬ್ಬಿಸಿತು. ಆಗ ಸಾಹೇಬರು ಗಾಜಿನೊಳಗಿಂದ ನನ್ನ ಕಡೆ ನೋಡಿದರು. ನಾನು ಹೆಂಗಸರ ಕಡೆ ನೋಡಿದೆ. ಕೂಲಿಯಿಲ್ಲದೆ ಕೂತಿದ್ದವರು. ಗಾಡಿ ಮೇಲೆ ಬಂದರೆ ನಾಳೆ ಕೆಲಸ ಸುರು ಎಂದೆ. ಬಂದು ಬೆನ್ನು ಕೊಟ್ಟರು. "ಹಾಕ್ರೇ ಬಲಾ!" ಎಂದು ಕೂಗುತ್ತ ನೂಕಿದರು. ಕಾರು ಇಂಚಿಂಚೇ ಮೇಲೆ ಹೋಯಿತು. ಒಳಗೆ ಕೂತು ಗಮನಿಸಲು ಯಾರಾದರೊಬ್ಬರು ಬೇಕಿತ್ತು. ನಾನು ಹತ್ತಿ ಕೂತಿದ್ದೆ.

ಹುಲಿಗೆವ್ವ ಕಿಟಕಿಗೆ ಮುಖವಿಟ್ಟು ಏದುಸಿರು ಬಿಡುತ್ತ, "ಅಣ್ಣಾ, ಕಾಲ ಮುರದಾಂವ ಒಳಗ ಮಲಗಿದ್ದಾಗ ನೂಕಾಕ ಊರ ಮಂದೀನ ಕರೀಬೇಕೇನು?" ಎಂದಳು. ಯಾವಾಗಲೂ ಕೊಂಕು.

ವರದಿಯಲ್ಲಿ ಬರೆದೆ: "ಕಾರ್ಮಿಕರ ಸಕ್ರಿಯ ಸಹಭಾಗಿತ್ವದಲ್ಲಿ ವಾಹನವು ಗುಡ್ಡವನ್ನು ಯಶಸ್ವಿಯಾಗಿ ಏರಿತು." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮಾರ್ಚ್ ೨೦

ಕಾರು ಬಂತು. ತೆಂಗಿನಕಾಯಿ ಒಡೆದೆವು. ಸಾಹೇಬರು ಮೊದಲ ಹಾರ ನನಗೇ ಹಾಕಿಸಿದರು. ಹಳೆಯ ವಾಹನವನ್ನು ಲಾರಿಗೆ ಕಟ್ಟಿ ದೌಂಡದ ಗುಜರಿಗೆ ಎಳೆದೊಯ್ದರು. ಶಂಕ್ರೆಪ್ಪನಿಗೆ ಬಿಳಿ ಸಮವಸ್ತ್ರ, ಬಿಳಿ ಟೋಪಿ. "ಬ್ಯಾಂಡಿನಾಂವ ಕಂಡಂಗ ಕಾಣ್ತೀನ್ರಿ," ಎಂದ. ಹೊಸತಲ್ಲವೇ, ರೂಢಿಯಾಗುತ್ತದೆ.

ದಿನಾ ಕಾರನ್ನು ನೆತ್ತಿಗೆ ನೂಕಿಸುವುದು ಅಮಾನವೀಯ ಎಂದು ಸಭೆಯಲ್ಲಿ ನಾನೇ ಗುಡುಗಿದೆ. ಸಾಹೇಬರು ಕೂಡಲೇ ಒಪ್ಪಿದರು. ಇನ್ನು ಮುಂದೆ ಕಾರು ಕೆಳಗೆ ಡಾಂಬರು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆದರೆ ಸಾಕು, ಗಾಡಿ ನಿಂತಂತೆಯೇ. ಹಾರ್ನ್ ಕೇಳಿದ ಮೇಲೆ ಮೇಲಿನವರು ಮದ್ದು ತುಂಬಬಹುದು. ಸಹಿ ಹಾಕಿದೆ. ಹೆಂಗಸರನ್ನು ನೂಕುವ ಕೆಲಸದಿಂದ ಬಿಡಿಸಿದ್ದು ಸಣ್ಣ ಗೆಲುವಲ್ಲ.

ಹುಸೇನಪ್ಪ ಒಂದೇ ಮಾತು ಕೇಳಿದ: "ಮ್ಯಾಲಿಂದ ರೋಡ ಕಾಣಂಗಿಲ್ರಿ, ಗುಡ್ಡದ ಹೊಟ್ಟಿ ಅಡ್ಡ ಬರ್ತದ. ನಿಂತದೋ ಇಲ್ಲೋ ಹ್ಯಾಂಗ ನೋಡೂದು?"

ನಂಬಬೇಕು ಎಂದೆ. ಸಂಘಟನೆ ನಡೆಯುವುದೇ ನಂಬಿಕೆಯ ಮೇಲೆ.

ಏಪ್ರಿಲ್ ೨

ಸಂಘದ ಕೆಲಸಕ್ಕೆಂದು ಕಾರು ಈಗ ಯೆರವಡಾಕ್ಕೆ ಬಂದು ನನ್ನನ್ನು ಕರೆದೊಯ್ಯುತ್ತದೆ. ಬಸ್ಸಿನಲ್ಲಿ ನೇತಾಡಿಕೊಂಡು ಹೋದವನು ಜನರಿಗಾಗಿ ಏನು ಯೋಚಿಸಬಲ್ಲ? ಜೈಲಿನ ಗೋಡೆಯ ಪಕ್ಕದಲ್ಲೇ ಹಾದಿ. ಕಾರಿನಿಂದ ನೋಡಿದರೆ ಆ ಗೋಡೆ ಅಷ್ಟೇನೂ ಎತ್ತರವಿಲ್ಲ.

ಖಣಿಯ ಧೂಳು ವಿಪರೀತ. ಮೊದಲು ಇಷ್ಟಿರಲಿಲ್ಲ.

ಏಪ್ರಿಲ್ ೨೪

ಒಂದು ಅಹಿತಕರ ಘಟನೆ.

ಧನಕವಡಿಯ ಕಾಲೇಜೊಂದರಲ್ಲಿ ನನ್ನ ಭಾಷಣವಿತ್ತು. ವಿಷಯ: ಕಾರ್ಮಿಕರ ಸುರಕ್ಷತೆ. ಬೆಳಿಗ್ಗೆ ಕಾರು ಬಂದು, ರಸ್ತೆಯಲ್ಲಿ ನಿಂತು, ನಿಯಮದಂತೆ ಹಾರ್ನ್ ಹೊಡೆದಿತ್ತು. ನಾನು ಹತ್ತಿದೆ. ಶಂಕ್ರೆಪ್ಪ ಇಂಜಿನ್ ಸುರು ಮಾಡಲಿಲ್ಲ. "ಹಾರ್ನ್ ಹೊಡದೀನ್ರಿ. ಮ್ಯಾಲ ಮದ್ದ ತುಂಬಾಕ್ಹತ್ಯಾರ," ಎಂದ. ಮದ್ದು ತುಂಬಲು ಹೊತ್ತು ಹಿಡಿಯುತ್ತದೆ, ಧನಕವಡಿ ಇಲ್ಲೇ ಇದೆ, ಬೇಗ ಬಂದುಬಿಡೋಣ ಎಂದೆ. "ನಾ ಮ್ಯಾಲ ಓಡಿ ಹೋಗಿ ಹೇಳಿ ಬರ್ಲೇನ್ರಿ?" ಎಂದ. ಸಭಿಕರನ್ನು ಕಾಯಿಸುವುದು ಸಭ್ಯತೆಯಲ್ಲ. ಹೊರಡು ಎಂದೆ.

ಭಾಷಣ ಚೆನ್ನಾಯಿತು. ಕ್ವಾಣದ ಕಥೆ, ಅವ್ವಣ್ಣನ ಬಲಿದಾನ, "ಗಾಡಿ ನಿಂತದೇನು" ಎಂಬ ಕೂಗು, ಎಲ್ಲ ಹೇಳಿದೆ. ಮುಂದಿನ ಸಾಲಿನ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಹಾರ, ಶಾಲು, ಉಪ್ಪಿಟ್ಟು. ಹೊತ್ತಾಯಿತು.

ಆ ಹೊತ್ತಿನಲ್ಲೇ ಅಲ್ಲಿ ಹುಸೇನಪ್ಪ ಕೂಗಿದ್ದಾನೆ. ಬೆಳಗಿನ ಹಾರ್ನ್ ಕೇಳಿದ್ದ ಜನ "ನಿಂತದ" ಎಂದಿದ್ದಾರೆ. ಬತ್ತಿ ಹೊತ್ತಿಸಿ ಓಡುವಾಗ ಕಲ್ಲು ಬಂದು ಹುಸೇನಪ್ಪನ ಕಾಲಿಗೇ ಬಡಿದಿದೆ. ಹೊರಸಿನ ಮೇಲೆ ಹಾಕಿಕೊಂಡು ಹೆಂಗಸರೂ ಗಂಡಸರೂ ಗುಡ್ಡ ಇಳಿದಿದ್ದಾರೆ. ರಸ್ತೆಯಲ್ಲಿ ಗಾಡಿ ಇಲ್ಲ. ಯಾವುದೋ ಹಾಲಿನ ಲಾರಿ ಬರುವ ತನಕ ಬಿಸಿಲಿನಲ್ಲಿ ಹೊರಸು ಹಿಡಿದು ನಿಂತಿದ್ದಾರೆ.

ಕಾಲು ತೆಗೆದರು. ಜೀವಕ್ಕೆ ಅಪಾಯವಿಲ್ಲ. ಸಂವಹನದಲ್ಲಿ ಒಂದು ಸಣ್ಣ ಕೊರತೆ.

ಏಪ್ರಿಲ್ ೨೯

ಕೆಲಸ ಬಂದ್. ಬತ್ತಿ ಮುಟ್ಟುವವರಿಲ್ಲ.

ಇಂದು ನಾನು ಕಾರಿನಲ್ಲಿದ್ದಾಗಲೇ ಸುತ್ತುವರಿದರು. ಹುಸೇನಪ್ಪನ ಹೊರಸನ್ನು ತಂದು ಬಾನೆಟ್ಟಿನ ಮೇಲೆ ಇಟ್ಟರು. ಹಗ್ಗದಲ್ಲಿ ರಕ್ತ ಕಪ್ಪಾಗಿತ್ತು. ಬಣ್ಣಕ್ಕೆ ಗೀರು ಬಿದ್ದಿದೆ. ಹುಲಿಗೆವ್ವ ಎಂಬಾಕೆ ಕಿಟಕಿಯ ಗಾಜು ಬಡಿದು, "ಇಳೀರಿ ಅಣ್ಣಾ. ಒಮ್ಮೆ ನಮ್ಮ ಜೋಡಿ ಗುಡ್ಡಾ ನಡದ ನೋಡ್ರಿ. ಮರತ್ರೇನು ಹಾದಿ?" ಎಂದಳು. ಇಳಿಯಲಿಲ್ಲ. ಉದ್ರಿಕ್ತ ಗುಂಪಿನ ಮುಂದೆ ಇಳಿಯಬಾರದು. ಘೇರಾವ್ ಅನಾಗರಿಕ ಪದ್ಧತಿ. ಮಾತುಕತೆಯ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಸಾಹೇಬರು ಬಹಳ ನೊಂದಿದ್ದಾರೆ. "ನಿಮ್ಮ ಜನ ನಿಮಗೇ ಹೀಗೆ ಮಾಡಿದರಲ್ಲ," ಎಂದರು. ಕಣ್ಣು ತುಂಬಿಬಂತು. ಮುಂದೆ ನಿಂತು ನಡೆಸುತ್ತಿರುವವರು ಯಾರು ಎಂದು ಕೇಳಿದರು. ಹೇಳಿದೆ. ಇಡೀ ಗುಡ್ಡಕ್ಕೆ ಗೊತ್ತಿರುವ ಹೆಸರನ್ನು ಹೇಳುವುದು ಚಾಡಿಯಲ್ಲ.

ಸಾವಂತ್ರವ್ವ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಮೇ ೧

ಸಂಜೆ ಕಾರ್ಮಿಕ ದಿನದ ಸಭೆಯಿದೆ, ನಾನೇ ಮುಖ್ಯ ಭಾಷಣಕಾರ. ಇದನ್ನು ಯೆರವಡಾದ ಮನೆಯೆದುರು ಕಾರಿನಲ್ಲಿ ಕೂತೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಖಣಿಯ ಕೆಳಗೆ ರಸ್ತೆಯಲ್ಲಿದ್ದೆವು. ಮೇಲೆ ನೆತ್ತಿಯಲ್ಲಿ ಅವರೆಲ್ಲ ಕೂತಿದ್ದಾರೆಂದು ಗೊತ್ತಿತ್ತು. ಪೊಲೀಸರು ಬಂದರು. ಕ್ಯಾನ್ವಾಸ್ ಹೊದಿಕೆಯ ಜೀಪು. ನಾವು ಪರೀಕ್ಷಿಸಿ ಬಿಟ್ಟಿದ್ದೆವಲ್ಲ, ಅದೇ ಮಾದರಿ. ಮೊದಲ ತಿರುವು ಏರಿತು. ಎರಡನೇ ತಿರುವಿನ ಕೊರಕಲಿನಲ್ಲಿ ಒಮ್ಮೆ ಗೊಣಗಿತು, ನಿಲ್ಲಲಿಲ್ಲ. ಯಾರೂ ನೂಕಲಿಲ್ಲ. ಸೀದಾ ನೆತ್ತಿಗೆ ಹೋಯಿತು.

ಮೇಲಿಂದ ಒಂದು ಹೆಣ್ಣುದನಿ ಕೂಗಿತು: "ಗಾಡಿ ನಿಂತದೇನು?"

ಇಡೀ ಗುಡ್ಡ ಕೂಗಿತು: "ನಿಂತದ!"

ಆಮೇಲೆ ನಗು. ಪೊಲೀಸರ ಎದುರಿಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಜೀಪು ಇಳಿದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಹಿಂದೆ ತಗಡಿನ ಮೇಲೆ ಹುಲಿಗೆವ್ವ ಕೂತಿದ್ದಳು, ಎರಡೂ ಕಡೆ ಪೊಲೀಸರು. ನನ್ನನ್ನು ನೋಡಿ ಬೈಯಬಹುದು ಅಂದುಕೊಂಡೆ. ಬೈಯಲಿಲ್ಲ. ಹಳೆಯ ಸಲಿಗೆಯಲ್ಲೇ ಕೂಗಿದಳು:

"ನಿಜಲಿಂಗಣ್ಣಾ! ಏರ್ತು ನೋಡ್ರಿ! ನಾ ಅವತ್ತ ಹೇಳಿದ್ನಿಲ್ಲ?"

ಧೂಳೆಂದು ಗಾಜು ಏರಿಸಿದೆ. ಏರಿಸಿದ ಮೇಲೂ ಕೇಳಿಸಿತು. ಈ ಗಾಜನ್ನು ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಮನೆಗೆ ಬರುವಷ್ಟರಲ್ಲಿ ಸುದ್ದಿ ವಠಾರಕ್ಕೆ ಮುಟ್ಟಿತ್ತು, ಸಾವಂತ್ರವ್ವ ಡಬ್ಬಿ ಕಟ್ಟುತ್ತಿದ್ದಳು. ರೊಟ್ಟಿ, ಶೇಂಗಾ ಹಿಂಡಿ. ಯಾರಿಗೆ ಎಂದು ಕೇಳಿದೆ. ಎರಡು ದಿನದ ಮೇಲೆ ಬಾಯಿ ಬಿಟ್ಟಳು.

"ಹುಲಿಗೆವ್ವಗ. ನಿಮಗ ಒಯ್ತಿದ್ದೆನಲ್ಲ, ಅದ ಡಬ್ಬಿ. ಹಾದಿ ಗೊತ್ತದ."

ಬಿಸಿಲು ಸುಡುತ್ತಿದೆ, ಕಾರು ಬಾಗಿಲಲ್ಲೇ ಇದೆ, ಶಂಕ್ರೆಪ್ಪ ಬಿಟ್ಟು ಬರುತ್ತಾನೆ ಎಂದೆ. ಅವಳು ಕಾರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ಬ್ಯಾಡ್ರಿ. ಜೈಲ ಬಾಗಲಾ ಭಾಳ ಸಣ್ಣದು. ಕಾರಿನಾಗಿಂದ ಇಳದ್ರ ಒಳಗ ಬಿಡಂಗಿಲ್ಲ, ನಡಕೋತ ಬಂದಾರಿಗಷ್ಟ ಅದು."

ಡಬ್ಬಿ ಹಿಡಿದು ಹೊರಟೇಬಿಟ್ಟಳು. ಶಂಕ್ರೆಪ್ಪ ಕಾರಿನಿಂದ ಇಳಿದು, ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟ, ಗೀರು ಬಿದ್ದಲ್ಲಿಯೇ. "ವೈನಿ, ಡಬ್ಬಿ ಕೊಡ್ರಿ ಇಲ್ಲೆ," ಎಂದು ಕೂಗುತ್ತ ಅವಳ ಹಿಂದೆ ಹೋದ.

ತಿರುಗಿ ಬಂದಿಲ್ಲ. ಸಭೆಗೆ ಹೊತ್ತಾಗುತ್ತಿದೆ. ಭಾಷಣ ಜೇಬಿನಲ್ಲೇ ಇದೆ, ಸೀಟು ಮೆತ್ತಗಿದೆ, ಕೀಲಿಯೂ ಇಲ್ಲೇ ನೇತಾಡುತ್ತಿದೆ.

ನನಗೆ ಗಾಡಿ ಓಡಿಸಲು ಬರುವುದಿಲ್ಲ.